ಎರಡು ಹಿಟ್

ಕೆಲ್ವಿನ್ ವಿಟ್‌ಫೀಲ್ಡ್‌ನ ಹೆಸರನ್ನು ಸಿಡ್ನಿಗೆ ಹೋಗುವ ಬೇಸ್‌ಬಾಲ್ ತಂಡದ ಪಟ್ಟಿಯಿಂದ ಗುರುವಾರ ಮಧ್ಯಾಹ್ನ ತೆಗೆದರು. ಅವನ ಎರಡು ಹಿಟ್‌ಗಳನ್ನು ಎರರ್ ಎಂದು ತಿದ್ದಿದರು. ಹದಿನಾಲ್ಕನೆಯ ಸಾಲಿನಲ್ಲಿ ಸ್ಯಾವಿಯೋ ಪಿಂಟೋ ಎಂದು ಬರೆದರು.

ಸ್ಯಾವಿಯೋನ ಅಮ್ಮ ರೊವೀನಾ ಇದನ್ನು ನೋಡಿದ್ದು ತಾನು ಕೆಲಸ ಮಾಡುವ ವೃದ್ಧಾಶ್ರಮದ ಟೀ ರೂಮಿನಲ್ಲಿ, ಫೋನಿನ ಮೇಲೆ. ಮೊದಲು ಕಣ್ಣಿಗೆ ಬಿದ್ದದ್ದು ಮಗನ ಹೆಸರು. ಮೂರು ವರ್ಷ ಬೆಂಚು ಕಾದ ಹುಡುಗ. ಅವಳ ಕಣ್ಣು ಒದ್ದೆಯಾಯಿತು. ಸಂತೋಷಕ್ಕೆಂದು ಪಟ್ಟಿಯನ್ನು ಇನ್ನೊಮ್ಮೆ ಮೇಲಿನಿಂದ ಓದಿದಳು. ಮೂರನೆಯ ಸಾಲಿನಲ್ಲಿ ಇರಬೇಕಾದ ಕೆಲ್ವಿನ್ ಅಲ್ಲಿರಲಿಲ್ಲ. ಕೆಳಗೂ ಇರಲಿಲ್ಲ. ಅಂಕಿಗಳ ಪುಟ ತೆರೆದಳು. ಡಿಸೆಂಬರ್ ಹದಿನಾಲ್ಕರ ಆಟದಲ್ಲಿ ಕೆಲ್ವಿನ್ ಎದುರು ಎರಡು ಕಡೆ ಎರರ್ ಎಂದಿತ್ತು.

ಆ ಪುಟವನ್ನು ಬರೆದ ಕೈ ಅವಳದೇ. ಅವಳು ಬರೆದದ್ದು ಹಿಟ್.

ಬೇಸ್‌ಬಾಲಿನಲ್ಲಿ ಸ್ಕೋರರ್ ಬರೀ ಎಣಿಸುವವಳಲ್ಲ, ತೀರ್ಪು ಕೊಡುವವಳು. ಬ್ಯಾಟರ್ ತನ್ನ ಹೊಡೆತದ ಬಲದಿಂದ, ಕಾಲಿನ ಬಲದಿಂದ ಬೇಸ್ ಮುಟ್ಟಿದರೆ ಅದು ಹಿಟ್. ಹಿಡಿಯಬಹುದಾಗಿದ್ದ ಚೆಂಡನ್ನು ಫೀಲ್ಡರ್ ಕೈಚೆಲ್ಲಿದ್ದರಿಂದ ಮುಟ್ಟಿದರೆ ಎರರ್. ಬ್ಯಾಟರ್‌ಗೆ ಏನೂ ದಕ್ಕದು. ಮೆಲ್ಬರ್ನಿನ ಟಾರ್ನೀಟ್ ಬಡಾವಣೆಯ ಈ ಕ್ಲಬ್ಬಿನಲ್ಲಿ ಆ ತೀರ್ಪು ರೊವೀನಾಳದು. ಮಂಗಳೂರಿನಲ್ಲಿ ಅವಳ ಪಪ್ಪ ಇಗರ್ಜಿ ಮೈದಾನದ ಕ್ರಿಕೆಟ್ ಟೂರ್ನಿಗಳಿಗೆ ಸ್ಕೋರ್ ಬರೆಯುತ್ತಿದ್ದರು. ಅವರದೊಂದು ಪದ್ಧತಿ: ಬರೆದ ತಕ್ಷಣ, ಬರೆದದ್ದನ್ನು ಮೈದಾನಕ್ಕೆಲ್ಲ ಕೇಳುವಂತೆ ಕೂಗುವುದು. ತಕರಾರಿದ್ದವನು ಆಗಲೇ ಎತ್ತಬೇಕು. ಮುಂದಿನ ಚೆಂಡು ಬಿದ್ದ ಮೇಲೆ ಪಾದ್ರಿಗಳೇ ಎದ್ದು ಬಂದರೂ ಪಪ್ಪನ ಪೆನ್ಸಿಲು ಅಲ್ಲಾಡುತ್ತಿರಲಿಲ್ಲ. ಆ ಕೂಗನ್ನು ರೊವೀನಾ ಮೆಲ್ಬರ್ನಿಗೂ ತಂದಿದ್ದಳು. ಪ್ರತಿ ಹೊಡೆತದ ನಂತರ ಎರಡೂ ತಂಡಗಳ ಕಡೆ ಮುಖ ಮಾಡಿ "ಹಿಟ್!" ಇಲ್ಲವೇ "ಎರರ್!" ಎಂದು ಕೂಗುವಳು. ಮೊದಮೊದಲು ಎಲ್ಲರೂ ನಕ್ಕರು. ಈಗ ಆ ಕೂಗು ಕೇಳದಿದ್ದರೆ ಅಂಪೈರೇ ತಿರುಗಿ ನೋಡುತ್ತಾನೆ.

ಡಿಸೆಂಬರ್ ಹದಿನಾಲ್ಕರಂದು ಅವಳು ಎರಡು ಸಲ ಕೂಗಿದ್ದಳು. ಎರಡು ಸಲವೂ ಯಾರೂ ಕೈ ಎತ್ತಿರಲಿಲ್ಲ.

ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಹರ್ಷವರ್ಧನ್‌ನ ಕಾರು. ಅವನು ತಂಡದ ಮ್ಯಾನೇಜರ್. ಬೆಂಗಳೂರಿನವನು, ಕಂಪ್ಯೂಟರ್ ಕೆಲಸ, ಬಾಯಿ ಬೆಣ್ಣೆ. ಇಲ್ಲೇ ಖಾಯಂ ನೆಲೆಸಲು ಹಾಕಿದ್ದ ಇವರ ಪಿಆರ್ ಅರ್ಜಿ ನಿಂತುಹೋದಾಗ ಎರಡು ಭಾನುವಾರ ಕೂತು ಕಾಗದಪತ್ರ ಸರಿಮಾಡಿಕೊಟ್ಟವನು. ಸೋಫಾದ ಮುಂದೆ ಬಾದಾಮ್ ಬರ್ಫಿಯ ಡಬ್ಬಿ ತೆರೆದಿತ್ತು. ಅವಳ ಗಂಡ ವಿಲ್ಫಿ, ಬಸ್ ಓಡಿಸಿ ಬಂದ ಯೂನಿಫಾರಂ ಬಿಚ್ಚದೆಯೇ, ಬಾಯಿ ತುಂಬ ಬರ್ಫಿ ಇಟ್ಟುಕೊಂಡು ನಗುತ್ತಿದ್ದ. ಸ್ಯಾವಿಯೋ ಹೊಸ ಶರ್ಟ್ ಎದೆಗೆ ಹಿಡಿದು ನಿಂತಿದ್ದ. ಬೆನ್ನಿನ ಮೇಲೆ ಹನ್ನೆರಡು. ಅದು ಕೆಲ್ವಿನ್‌ನ ನಂಬರು.

"ಕಂಗ್ರಾಟ್ಸ್ ರೊವೀನಾ ಅವರೆ! ಕೊನೆಗೂ ನಮ್ಮ ಸ್ಯಾವಿಯೋ ಟರ್ನ್ ಬಂತು," ಎಂದ ಹರ್ಷವರ್ಧನ್. ಚೀಲದಿಂದ ಒಂದು ಹಾಳೆ ತೆಗೆದ. "ಇಲ್ಲಿ ಎರಡು ಇನಿಶಿಯಲ್ ಹಾಕ್ಬಿಡಿ. ತಿದ್ದಿರೋ ಕಡೆ. ಅಷ್ಟೇ."

"ತಿದ್ದಿದ್ದು ಯಾರು?"

"ಕಮಿಟಿ ರಿವ್ಯೂ ಮಾಡ್ತು."

"ಕಮಿಟಿ ಆ ದಿನ ಎಲ್ಲಿ ಇತ್ತು ಮಾರಾಯ್ರೆ? ಬಾರ್ಬೆಕ್ಯೂ ಹತ್ರ ಸಾಸೇಜ್ ತಿರುಗಿಸ್ತಾ ಇತ್ತು."

ವಿಲ್ಫಿ ನಕ್ಕ. ಹರ್ಷವರ್ಧನ್ ಕೂಡ ನಕ್ಕ, ಆದರೆ ಹಾಳೆ ಕೈಯಲ್ಲೇ ಇತ್ತು. "ನೋಡಿ, ಬೇಜಾರು ಮಾಡ್ಕೋಬೇಡಿ. ಮೊದಲನೇ ವರ್ಷ ನೀವೇ ಏನ್ ಮಾಡಿದ್ರಿ? ಫೀಲ್ಡರ್ ಕೈಬಿಟ್ಟಿದ್ದಕ್ಕೆಲ್ಲ ಹಿಟ್ ಬರೆದಿದ್ರಿ. ಇಪ್ಪತ್ತು ಕಡೆ ತಿದ್ದಿದ್ವಿ. ಕ್ರಿಕೆಟ್ ಕಣ್ಣು ರೀ ನಿಮ್ದು, ತಪ್ಪಾಗುತ್ತೆ."

ಮಾತು ಮುಳ್ಳಿನಂತೆ ನಾಟಿತು, ಏಕೆಂದರೆ ಅದು ನಿಜ. ಕ್ರಿಕೆಟ್ಟಿನಲ್ಲಿ ಫೀಲ್ಡರ್ ಎಡವಿದರೂ ಓಡಿದ ರನ್ನು ಬ್ಯಾಟ್ಸ್‌ಮನ್‌ನದೇ. ಆ ಲೆಕ್ಕದಲ್ಲಿ ಬೆಳೆದವಳು ಮೊದಲ ವರ್ಷ ಎಲ್ಲರಿಗೂ ಹಿಟ್ ಹಂಚಿದ್ದಳು. 'ರೊವೀನಾ ಹಿಟ್' ಎಂದೇ ಕ್ಲಬ್ಬಿನಲ್ಲಿ ತಮಾಷೆ. ಈಗ ಆ ಹಳೆಯ ತಪ್ಪನ್ನೇ ಹಗ್ಗ ಮಾಡಿ ಕೊರಳಿಗೆ ಹಾಕಲು ಬಂದಿದ್ದರು.

"ಅಸಲು ಪುಸ್ತಕ ನನ್ನ ಹತ್ರ ಉಂಟು. ನೋಡಿ ಹೇಳ್ತೇನೆ."

"ಟೈಮ್ ಇಲ್ಲ. ಶನಿವಾರ ಬೆಳಿಗ್ಗೆ ಸಿಡ್ನಿ ಟೂರ್ನಮೆಂಟ್ ಡೆಸ್ಕ್‌ಗೆ ಕೊಡ್ಬೇಕು. ನಿಮ್ಮ ಇನಿಶಿಯಲ್ ಇಲ್ದೆ ತಿದ್ದಿದ್ದು ಅವ್ರು ಒಪ್ಪಲ್ಲ, ಹಳೇದೇ ನಿಲ್ಲುತ್ತೆ. ಹಳೇದು ನಿಂತ್ರೆ..." ಅವನು ಸ್ಯಾವಿಯೋನತ್ತ ನೋಡಿದ. ಮಾತು ಮುಗಿಸಬೇಕಾಗಿರಲಿಲ್ಲ.

ಕ್ಲಬ್ ಹುಟ್ಟಿದಾಗಿನಿಂದ ಒಂದು ನಿಯಮ: ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲ ನಾಲ್ಕು ಜನರ ಪ್ರಯಾಣ ಕ್ಲಬ್ಬಿನ ಖರ್ಚು. ಉಳಿದವರು ಹೋಟೆಲು, ವಿಮಾನ, ಕೋಚಿನ ಫೀ ಎಲ್ಲ ತಾವೇ ಕಟ್ಟಬೇಕು. ಕೆಲ್ವಿನ್ ಮೂರನೆಯವನು. ಎರಡು ಹಿಟ್ ಕಿತ್ತರೆ ಐದನೆಯವನು. ಐದನೆಯವನಾದ ಕೂಡಲೇ ಅವನ ಅಪ್ಪನಿಗೆ ಹಣ ಕಟ್ಟುವ ಫಾರಂ ಹೋಯಿತು, ಎರಡೇ ತಾಸಿನ ಗಡುವಿನೊಂದಿಗೆ. ಆತ ಕಟ್ಟಲಿಲ್ಲ. ಪಟ್ಟಿಯಿಂದ ಹೆಸರು ಹೋಯಿತು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ.

ಹರ್ಷವರ್ಧನ್ ಹಾಳೆಯನ್ನು ಬರ್ಫಿಯ ಡಬ್ಬಿಯ ಕೆಳಗೆ ಸಿಕ್ಕಿಸಿ ಎದ್ದ. ಬಾಗಿಲಲ್ಲಿ ದನಿ ತಗ್ಗಿಸಿದ. "ನಮ್ಮವ್ರು ಈಗ ತಾನೇ ಕಮಿಟಿಗೆ ಕಾಲಿಟ್ಟಿದೀವಿ. ಮುಂದಿನ ವರ್ಷ ಕ್ಲಬ್ಬೇ ಅಕಾಡೆಮಿ ಆಗುತ್ತೆ, ನಮ್ಮ ಮಕ್ಕಳಿಗೇ ಒಳ್ಳೇದು. ಸುಮ್ನೆ ಯಾರಿಗೋಸ್ಕರಾನೋ ಮುಖ ಕೆಡಿಸ್ಕೋಬೇಡಿ."

ಅವನು ಹೋದ ಮೇಲೆ ರೊವೀನಾ ಪುಸ್ತಕ ತೆರೆದಳು. ಮೊದಲನೆಯದು ಎಡಗಡೆ ಗೆರೆಯ ಮೇಲೆ ಬಿದ್ದ ಚೆಂಡು. ಫೀಲ್ಡರ್ ಹಾರಿದ್ದ, ಕೈಗೆ ತಾಗಿರಲಿಲ್ಲ. ಎರಡನೆಯದು ಉರುಳಿದ ಚೆಂಡು. ಎತ್ತಿ ಎಸೆಯುವಷ್ಟರಲ್ಲಿ ಕೆಲ್ವಿನ್ ಬೇಸ್ ದಾಟಿದ್ದ. ಅಷ್ಟು ಓಟ ಅವನದು. ಕೈಚೆಲ್ಲಿದ್ದು ಎಲ್ಲಿ ಬಂತು?

ಸ್ಯಾವಿಯೋ ಹೆಗಲ ಮೇಲಿಂದ ಬಗ್ಗಿ ನೋಡಿದ. "ಮಮ್, ದೋಸ್ ವರ್ ಹಿಟ್ಸ್," ಎಂದ. ಅವನ ಬಾಯಲ್ಲಿ ಬರುವುದು ಇಂಗ್ಲಿಷೇ. ಒಂದು ಕ್ಷಣ ಬಿಟ್ಟು, ತೀರ ಸಣ್ಣ ದನಿಯಲ್ಲಿ, "ಆರ್ ಯೂ ಗೋನ್ನ ಟೆಲ್ ದೆಮ್?"

ಅವನ ಮುಷ್ಟಿಯಲ್ಲಿ ಶರ್ಟ್ ಮುದುರಿತ್ತು. ಅವಳು ಪುಸ್ತಕ ಮುಚ್ಚಿದಳು.

"ಸೈನ್ ಹಾಕಿ ಮುಗಿಸು," ಎಂದ ವಿಲ್ಫಿ ಕೊಂಕಣಿಯಲ್ಲಿ. "ನಮ್ಮ ಹುಡುಗನಿಗೆ ಯಾರಾದರೂ ಹೀಗೆ ನಿಂತಿದ್ದರಾ, ಮೂರು ವರ್ಷ?"

ಮರುದಿನ ಕೆಲಸ ಮುಗಿಸಿದವಳು ನೇರ ಮೈದಾನಕ್ಕೆ ಹೋದಳು. ಜನವರಿಯ ಬಿಸಿಗಾಳಿ; ಹುಲ್ಲು ಒಣಗಿ ಬೆಳ್ಳಗಾಗಿತ್ತು. ಕೆಲ್ವಿನ್‌ನ ಅಪ್ಪ ಟೆರೆನ್ಸ್ ಬೇಲಿಯ ಹೊರಗೆ ಮಗನಿಗೆ ಚೆಂಡು ಎಸೆಯುತ್ತಿದ್ದ. ಮೈದಾನದ ಗೇಟಿಗೆ ಬೀಗ ಹಾಕಿತ್ತು. ಟೆರೆನ್ಸ್ ಅಲಬಾಮಾದವನು, ಕಪ್ಪು ಅಮೆರಿಕನ್. ಇಪ್ಪತ್ತೆರಡನೆಯ ವಯಸ್ಸಿಗೆ ಇಲ್ಲಿನ ಕ್ಲಬ್ಬಿಗೆ ಆಡಲು ಬಂದು ಉಳಿದುಬಿಟ್ಟವನು. ಈಗ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ.

"ಹಿಟ್ ರಾಣಿ ಬಂದರು!" ಎಂದ ಟೆರೆನ್ಸ್. ನಗಲು ಯತ್ನಿಸಿದ. ಆಗಲಿಲ್ಲ.

ಅವಳು ನಡೆದದ್ದೆಲ್ಲ ಹೇಳಿದಳು. ಹಾಳೆಯ ವಿಷಯ, ಶರ್ಟಿನ ವಿಷಯ, ಬರ್ಫಿಯ ವಿಷಯವನ್ನೂ. ಅವನು ಚೆಂಡನ್ನು ಅಂಗೈಯಲ್ಲಿ ತಿರುಗಿಸುತ್ತ ಕೇಳಿದ.

"ಊರಿನಲ್ಲಿ ನನ್ನ ಅಣ್ಣನ ಮಕ್ಕಳು ಮೂವರು," ಎಂದ. "ಒಬ್ಬನೂ ಬೇಸ್‌ಬಾಲ್ ಆಡುವುದಿಲ್ಲ. ನನ್ನ ಅಜ್ಜ ಆಡಿದ, ಅಪ್ಪ ಆಡಿದ, ನಾನು ಆಡಿದೆ. ಕಪ್ಪು ಹುಡುಗರಿಗೆ ಈ ಆಟ ಬೋರು, ಬಾಸ್ಕೆಟ್‌ಬಾಲೇ ಇಷ್ಟ ಅನ್ನುತ್ತಾರೆ ಟಿವಿಯಲ್ಲಿ. ಬೋರಂತೆ! ಬಾಸ್ಕೆಟ್‌ಬಾಲಿಗೆ ಒಂದು ಕಂಬ ಸಾಕು, ಬೀದಿ ಕೊನೆಯಲ್ಲಿ. ಅದಕ್ಕೆ ಯಾರೂ ಬೀಗ ಹಾಕಿಲ್ಲ."

"ಇದಕ್ಕೆ ಹಾಕಿದ್ದು ಯಾರು?"

"ಯಾರೂ ಅಲ್ಲ, ಅದೇ ಚಮತ್ಕಾರ. ಮೊದಲು ಊರೂರು ಸುತ್ತುವ, ದುಡ್ಡು ಕಟ್ಟಿ ಸೇರುವ ಖಾಸಗಿ ತಂಡಗಳು ಬಂದವು. ಆಟಗಾರರನ್ನು ಆರಿಸುವವರು ಅಲ್ಲಿಗೇ ಹೋದರು. ನಮ್ಮ ಬೀದಿಗೆ ಬರುವವರಿಲ್ಲ. ತಂಡ ಹೋಯಿತು, ಮೈದಾನದಲ್ಲಿ ಕಳೆ ಬೆಳೆಯಿತು, ಆಮೇಲೆ ಅಪ್ಪಂದಿರು ಮಕ್ಕಳಿಗೆ ಗ್ಲೌಸ್ ಕೊಡುವುದನ್ನೇ ಬಿಟ್ಟರು. ಆಡಬೇಡ ಅಂತ ಯಾರೂ ಹೇಳಲಿಲ್ಲ, ರೊವೀನಾ. ಫಾರಂ ಕೊಟ್ಟರು. ಇಲ್ಲಿ ಹಾಗಿಲ್ಲ ಅಂದುಕೊಂಡಿದ್ದೆ." ಅವನು ಬೇಲಿಯ ಬೀಗವನ್ನು ಗ್ಲೌಸಿನಿಂದ ತಟ್ಟಿದ. "ಅಲ್ಲಿಯ ಬೀಗಕ್ಕೂ ಇಲ್ಲಿಗೆ ವಿಮಾನದ ಟಿಕೆಟ್ ಸಿಕ್ಕಿತು ನೋಡಿ."

ಮೂರು ವರ್ಷದ ಹಿಂದೆ ಈ ಗುಂಪಿನಲ್ಲಿ ಐವರು ಕಪ್ಪು ಹುಡುಗರಿದ್ದರು. ಸೂಡಾನಿನ ಮನೆಗಳ ನಾಲ್ವರು ಮತ್ತು ಕೆಲ್ವಿನ್. ಒಂದು ಸೀಸನ್ನಿಗೆ ಒಬ್ಬ, ಇನ್ನೊಂದಕ್ಕೆ ಇಬ್ಬರು, ಹೀಗೆ ಖಾಲಿಯಾದರು. ಪ್ರತಿ ಸಲ ಸ್ಕೋರ್ ಪುಸ್ತಕದಲ್ಲಿ ಹೊಸ ಹೆಸರು ಬರೆದವಳು ಅವಳೇ. ಹಳೆಯ ಹೆಸರು ಎಲ್ಲಿಗೆ ಹೋಯಿತು ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಮೈದಾನಕ್ಕೆಲ್ಲ ಕೇಳುವಂತೆ ಕೂಗುವ ಬಾಯಿ ಅಲ್ಲಿ ಮುಚ್ಚಿಯೇ ಇತ್ತು.

"ನಾಳೆ ನೀವು ಸಿಡ್ನಿಗೆ ಬರುತ್ತೀರಾ?" ಎಂದು ಕೇಳಿದಳು.

"ಇವತ್ತೇ ಹೊರಡುತ್ತೇವೆ, ಕಾರಿನಲ್ಲಿ. ಸಿಡ್ನಿಯ ಲಿವರ್‌ಪೂಲಿನಲ್ಲಿ ನನ್ನ ಗೆಳೆಯನ ಮನೆಯಿದೆ. ಆ ಮನೆಯಲ್ಲೇ ಇರುತ್ತೇವೆ ಎಂದು ಕಮಿಟಿಗೂ ಹೇಳಿದ್ದೆ. ಇಲ್ಲ, ಎಲ್ಲರೂ ಒಂದೇ ಹೋಟೆಲಿನಲ್ಲಿ ಇರಬೇಕಂತೆ. ಇರಲಿ. ಬೇಲಿಯ ಹೊರಗೆ ನಿಂತು ನೋಡಲು ಫಾರಂ ಇಲ್ಲವಲ್ಲ."

ಕೆಲ್ವಿನ್ ಬ್ಯಾಟಿನಿಂದ ನೆಲ ಕೆರೆಯುತ್ತಿದ್ದ. ತಲೆ ಎತ್ತದೆ ಕೇಳಿದ: "ಆಂಟಿ, ಅವು ಹಿಟ್ ತಾನೆ?"

"ಹೌದು."

ಅಷ್ಟೇ ಕೇಳಿದ ಅವನು.

ಶನಿವಾರ ಬೆಳಿಗ್ಗೆ ಎಂಟೂವರೆ. ಸಿಡ್ನಿಯ ಕೆಲ್ಲಿವಿಲ್ ಆಚೆಯ ಮೈದಾನದಲ್ಲಿ ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಹನ್ನೆರಡು ಕ್ಲಬ್ಬುಗಳು, ಬಣ್ಣಬಣ್ಣದ ಟೆಂಟು, ಕಪ್ಪು ಕನ್ನಡಕ ಹಾಕಿ ಕುರ್ಚಿ ಹಿಡಿದು ಕೂತ ಆಯ್ಕೆದಾರರು. ರೊವೀನಾ ಕಣ್ಣಾಡಿಸಿದಳು. ಅಷ್ಟೂ ತಂಡಗಳಲ್ಲಿ ಕಪ್ಪು ಮುಖಗಳನ್ನು ಎಣಿಸಲು ಒಂದು ಕೈಯ ಬೆರಳುಗಳೂ ಹೆಚ್ಚಾದವು. ಬೇಲಿಯ ಹೊರಗೆ, ದೂಳು ಮೆತ್ತಿದ ಕಾರಿಗೆ ಒರಗಿ, ಟೆರೆನ್ಸ್ ಮತ್ತು ಕೆಲ್ವಿನ್ ನಿಂತಿದ್ದರು. ಕೆಲ್ವಿನ್‌ನ ಕೈಯಲ್ಲಿ ಗ್ಲೌಸ್ ಇತ್ತು.

ಡೆಸ್ಕಿನ ಹಿಂದೆ ನೀಲಿ ಟೋಪಿಯ ಹೆಂಗಸೊಬ್ಬಳು ಕಾಗದ ಜೋಡಿಸುತ್ತಿದ್ದಳು. "ಟಾರ್ನೀಟ್? ತಿದ್ದಿದ ಕಡೆ ಸ್ಕೋರರ್ ಇನಿಶಿಯಲ್ ಇಲ್ಲ. ಐದು ನಿಮಿಷದಲ್ಲಿ ಪಟ್ಟಿ ಮುಚ್ಚುತ್ತೇನೆ," ಎಂದಳು.

ಹರ್ಷವರ್ಧನ್ ಪೆನ್ನಿನ ಕ್ಯಾಪ್ ತೆಗೆದು ರೊವೀನಾಳ ಬೆರಳ ನಡುವೆ ಇಟ್ಟ. ಬೆವರು ಅವನ ಕಾಲರಿಗೆ ಇಳಿದಿತ್ತು. "ಹಾಕಿ. ಜನ ನೋಡ್ತಿದಾರೆ."

"ನೋಡಲಿ."

"ರೊವೀನಾ ಅವರೆ, ಪ್ಲೀಸ್. ಪ್ರೆಸಿಡೆಂಟ್ ನನಗೆ ಹೇಳಿದಾರೆ. ನೀವು ಹಾಕ್ಲಿಲ್ಲ ಅಂದ್ರೆ ಇನ್ಮೇಲೆ ಆ ಪುಸ್ತಕ ಮುಟ್ಟೋ ಹಾಗಿಲ್ಲ. ಅದು ಬಿಡಿ. ನಿಮ್ಮ ಮಗನ್ನ ಒಂದ್ಸಲ ನೋಡಿ. ನೋಡಿ ಹೇಳಿ."

ಅವಳು ನೋಡಿದಳು. ಸ್ಯಾವಿಯೋ ಬೆಂಚಿನಿಂದ ಎದ್ದು ನಿಂತಿದ್ದ, ಹನ್ನೆರಡನೆಯ ನಂಬರಿನ ಶರ್ಟಿನಲ್ಲಿ. ಅದರ ಭುಜ ಅವನಿಗೆ ಸ್ವಲ್ಪ ದೊಡ್ಡದಾಗಿತ್ತು. ಅವನು ಅಮ್ಮನನ್ನೇ ನೋಡುತ್ತಿದ್ದ. ಬೇಡ ಎಂದನೋ, ಹಾಕು ಎಂದನೋ, ಆ ಮುಖ ಏನನ್ನೂ ಬಿಟ್ಟುಕೊಡಲಿಲ್ಲ. ಎರಡು ಅಕ್ಷರ, ಎರಡು ಕಡೆ. ಬರೆದರೆ ಮಗ ಆಡುತ್ತಾನೆ. ಮೂರು ವರ್ಷದ ಬೆಂಚು ಇವತ್ತಿಗೆ ಮುಗಿಯುತ್ತದೆ. ಬರೆಯದಿದ್ದರೆ, ಈಗ, ಇಷ್ಟು ಜನರ ಎದುರು, ಆ ಶರ್ಟನ್ನು ಅವನ ಮೈಯಿಂದ ಬಿಚ್ಚಿಸುವವಳು ಅವನ ಅಮ್ಮನೇ.

"ಎರಡು ನಿಮಿಷ," ಎಂದಳು ನೀಲಿ ಟೋಪಿ.

ರೊವೀನಾ ಚೀಲದಿಂದ ಅಸಲು ಪುಸ್ತಕ ತೆಗೆದು ತಿದ್ದಿದ ಹಾಳೆಯ ಮೇಲೆ ಇಟ್ಟಳು. ಡಿಸೆಂಬರ್ ಹದಿನಾಲ್ಕರ ಪುಟ ಬಿಚ್ಚಿ ಮೈದಾನದ ಕಡೆ ತಿರುಗಿದಳು.

"ಕೆಲ್ವಿನ್ ವಿಟ್‌ಫೀಲ್ಡ್," ಎಂದು ಕೂಗಿದಳು. "ಎರಡನೇ ಇನ್ನಿಂಗ್ಸ್. ಹಿಟ್!"

ಟೆಂಟುಗಳ ಗದ್ದಲ ತಟ್ಟನೆ ನಿಂತಿತು. ಬೇಲಿಯಾಚೆ ಟೆರೆನ್ಸ್ ಕಾರಿನಿಂದ ಬೆನ್ನು ಎತ್ತಿದ.

"ಏನ್ರೀ ಇದು, ಮೆಲ್ಲಗೆ ಮಾತಾಡಿ!" ಹರ್ಷವರ್ಧನ್ ಅವಳ ತೋಳಿಗೆ ಕೈ ಹಾಕಿದ. "ಸುಮ್ನೆ ಸೈನ್ ಮಾಡಿ!"

"ಆರನೇ ಇನ್ನಿಂಗ್ಸ್. ಹಿಟ್! ತಕರಾರಿದ್ದವರು ಈಗಲೇ ಹೇಳಿ!"

ಯಾರೂ ಹೇಳಲಿಲ್ಲ. ಅವಳು ಅವನ ಕೈಯನ್ನು ತೋಳಿನಿಂದ ಬಿಡಿಸಿದಳು. ಪೆನ್ನಿನ ಕ್ಯಾಪ್ ಮುಚ್ಚಿ, ಅವನ ಶರ್ಟಿನ ಜೇಬಿಗೆ ತಾನೇ ಸಿಕ್ಕಿಸಿದಳು.

"ನಾನು ಹಾಕುದಿಲ್ಲ," ಎಂದಳು.