ಎತ್ತಿದ ಕೈ

ಅದು ಅವಳ ತೋರುಬೆರಳನ್ನು ಕಚ್ಚಿ ಹಿಡಿದು ನೇತಾಡುತ್ತಿತ್ತು. ಅವಳು ಕೈ ಕೊಡವಲಿಲ್ಲ. ಕೊಡವಿದರೆ ಚರ್ಮ ಕಿತ್ತು ಬರುತ್ತದೆ ಎಂದು ಹಿಂದಿನ ಸಲವೇ ಗೊತ್ತಾಗಿತ್ತು. ಮೊಣಕೈಯನ್ನು ಅಡುಗೆ ಕಟ್ಟೆಗೆ ಊರಿ, ಅದರ ಕಾಲುಗಳಿಗೆ ಆಸರೆ ಸಿಗುವಷ್ಟು ಕೈಯನ್ನು ನಿಧಾನವಾಗಿ ಕೆಳಗಿಳಿಸಿದಳು. ಬೆರಳಿನಿಂದ ಇಳಿದ ರಕ್ತ ಅದರ ಗದ್ದದ ಮುಳ್ಳುಗಳ ನಡುವೆ ಸಿಕ್ಕಿಕೊಂಡು ಹನಿಯಾಗಿ ನಿಂತಿತು.

"ಅಕ್ಕಾ, ಒಂದೇ ಒಂದು ಏಟು. ತಾನಾಗೇ ಬಿಡುತ್ತೆ ನೋಡು." ತಮ್ಮ ಸ್ಪ್ಯಾನರ್ ಹಿಡಿದು ಪಕ್ಕದಲ್ಲಿ ನಿಂತಿದ್ದ.

"ಕೆಳಗಿಡು ಅದನ್ನ."

"ಬೆರಳು ಹೋಗುತ್ತೆ ಕಣೇ."

"ಹೋದ್ರೆ ನಂದು ತಾನೇ ಹೋಗೋದು. ಇಡು ಅಂದೆ."

ಕಾಲಿಗೆ ಕಟ್ಟೆ ತಾಗಿದ ಮೇಲೆ ಅದು ದವಡೆ ಸಡಿಲಿಸಿತು. ಗೇಣುದ್ದದ ಮರಿ, ಇನ್ನೂ ವರ್ಷ ತುಂಬಿರಲಿಲ್ಲ. ಮೈಯೆಲ್ಲ ಮರಳಿನ ಬಣ್ಣ, ಪಕ್ಕೆಗಳಲ್ಲಿ ಮುಳ್ಳಿನ ಸಾಲು. ಸಿಟ್ಟು ಬಂದರೆ ಗಂಟಲು ಉಬ್ಬಿ ಗಡ್ಡದ ಹಾಗೆ ಇಳಿಬಿದ್ದು ಮಸಿಯಂತೆ ಕಪ್ಪಾಗುತ್ತಿತ್ತು. ಬಿಯರ್ಡೆಡ್ ಡ್ರ್ಯಾಗನ್ ಎಂಬುದು ಅದರ ಜಾತಿಯ ಹೆಸರು. ಗಂಡ ಅದನ್ನು ಪೈಲ್ವಾನ ಎಂದು ಕರೆಯುತ್ತಿದ್ದ. ಅಮ್ಮನ ಬಾಯಲ್ಲಿ ಅದು ಬರೀ ಓತಿಕ್ಯಾತ.

"ಬಟ್ಟೆ ಬಿಟ್ಟು ಬಂದ್ಲು, ಓತಿಕ್ಯಾತ ಹೊತ್ಕೊಂಡು ಬಂದ್ಲು," ಎಂದು ಅಮ್ಮ ಯಾರಿಗೂ ಅಲ್ಲದಂತೆ ಹೇಳಿಕೊಂಡು, ಗಾಯಕ್ಕೆ ಕಟ್ಟಲು ಬಟ್ಟೆ ಹರಿದಳು.

ಅಮ್ಮ ಹೇಳಿದ್ದು ನಿಜವೇ. ಗಂಡನದು ಟೈರಿನ ಅಂಗಡಿ. ಮಾತಿನಲ್ಲಿ ಅವನದು ಎತ್ತಿದ ಕೈ. ಸವೆದ ಟೈರಿನ ಬಗ್ಗೆಯೂ ಕೇಳಿದವರು ತಲೆದೂಗುವಂತೆ ಮಾತಾಡುತ್ತಿದ್ದ. ಸಂಜೆ ಗೆಳೆಯರು ಬಂದರೆ ಗಾಜಿನ ಪೆಟ್ಟಿಗೆಯ ಮುಚ್ಚಳ ತೆಗೆದು, ಬೆಂಕಿಕಡ್ಡಿಯಿಂದ ಮರಿಯ ಮೂತಿಗೆ ಚುಚ್ಚುತ್ತಿದ್ದ. ಗಡ್ಡ ಕಪ್ಪಾಗುವವರೆಗೆ ಚುಚ್ಚು, ಕಪ್ಪಾದ ಮೇಲೆ ಬೆರಳಲ್ಲಿ ಚಿಮ್ಮಿ ಹೊಡೆ. ಅದು ಬಾಯಿ ತೆರೆದು ಹಾರಿದಾಗ ಗೆಳೆಯರು ಹೋ ಎಂದು ನಗುತ್ತಿದ್ದರು. ಕೊನೆಗೆ ಸುಸ್ತಾದ ಮರಿ ನೆಲಕ್ಕೆ ಚಪ್ಪಟೆಯಾಗಿ, ಒಂದು ಮುಂಗಾಲನ್ನು ಎತ್ತಿ ಗಾಳಿಯಲ್ಲಿ ನಿಧಾನ ಆಡಿಸುತ್ತಿತ್ತು. "ನೋಡ್ರೋ, ಸಲಾಂ ಹೊಡೀತಿದೆ," ಎನ್ನುತ್ತಿದ್ದ ಗಂಡ. ಗೆಳೆಯರು ಹೋದ ಮೇಲೆ ಅವಳ ಸರದಿ. ಕಾರಣ ಯಾವುದಾದರೂ ಆಗುತ್ತಿತ್ತು. ಕೊನೆಯ ದಿನದ ಕಾರಣ, ಪೆಟ್ಟಿಗೆಯ ಮೇಲಿನ ಬಿಸಿ ದೀಪ ಹಾಕಲು ಅವಳು ಮರೆತದ್ದು. ಅಂದು ಬಿದ್ದ ಪೆಟ್ಟಿನಿಂದ ಎಡಗಿವಿಯಲ್ಲಿ ಗುಂಯ್ ಎಂಬ ಸದ್ದೊಂದು ಕೂತುಬಿಟ್ಟಿತು. ಮರುದಿನ ಅವನು ಅಂಗಡಿಗೆ ಹೋದದ್ದೇ ತಡ, ಅವಳು ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಸ್ಸು ಹತ್ತಿದ್ದಳು.

ತವರುಮನೆ ಇದ್ದದ್ದು ತಮ್ಮನ ವೆಲ್ಡಿಂಗ್ ಶೆಡ್ಡಿನ ಮೇಲೆ. ಹಗಲೆಲ್ಲ ಕೆಳಗಿನಿಂದ ಕಬ್ಬಿಣ ಕೊರೆಯುವ ಸದ್ದು ಬರುತ್ತಿತ್ತು, ನೆಲ ಸಣ್ಣಗೆ ನಡುಗುತ್ತಿತ್ತು. ತಮ್ಮನ ಕೈ ಅವನ ಮಾತಿಗಿಂತ ಮುಂಚೆ ಹೊರಡುವ ಜಾತಿಯದು. ಗೇಟಿನ ಅಳತೆಯ ವಿಷಯಕ್ಕೆ ಗಿರಾಕಿಯೊಬ್ಬನ ಮೂಗು ಮುರಿದು ಲಾಕಪ್ಪಿನಲ್ಲಿ ಕೂತು ಬಂದಿದ್ದ. ಇನ್ನೊಂದು ಸಲ ಬಂದರೆ ಸುಮ್ಮನೆ ಬಿಡುವುದಿಲ್ಲ ಎಂದು ಪೊಲೀಸರು ಅಮ್ಮನೆದುರೇ ಹೇಳಿ ಕಳಿಸಿದ್ದರು. ಅಕ್ಕನ ಕಿವಿ ನೋಡಿದ ದಿನ, ಭಾವನ ಕಾಲು ಮುರಿದು ಬರುತ್ತೇನೆಂದು ಮೆಟ್ಟಿಲಿಳಿದವನನ್ನು ಅಮ್ಮ ಅಂಗಿ ಹಿಡಿದು ಎಳೆದು ತಂದಿದ್ದಳು. ಅಂಗಿ ಹರಿದಿತ್ತು.

"ಗಂಡಸರಿಗೆ ಸಿಟ್ಟು ಬರುತ್ತೆ, ಇಳಿಯುತ್ತೆ," ಎಂದಿದ್ದಳು ಅಮ್ಮ. "ನಾಲ್ಕು ದಿನ ಇದ್ದು ಹೋಗ್ಲಿ. ನೀನು ಮಧ್ಯ ಬಾಯಿ ಹಾಕ್ಬೇಡ."

ಅವಳು ಹೋಗಲಿಲ್ಲ. ಬಟ್ಟೆ ಒಗೆದು ಇಸ್ತ್ರಿ ಮಾಡುವ ಲಾಂಡ್ರಿಯೊಂದರಲ್ಲಿ ಕೆಲಸ ಹಿಡಿದಳು. ಮರಿಯ ಊಟಕ್ಕೆ ಮಿಡತೆ ತರಲು ಸಾಕುಪ್ರಾಣಿಗಳ ಅಂಗಡಿಗೆ ಹೋದಾಗ ಅಂಗಡಿಯಾಕೆ ಅವಳ ಬೆರಳಿನ ಕಟ್ಟು ನೋಡಿ, "ಮೇಲಿಂದ ಕೈ ಹಾಕ್ತೀಯೇನೋ. ಹದ್ದು ಬಂತು ಅಂದ್ಕೊಳ್ಳುತ್ತೆ ಅದು. ಪಕ್ಕದಿಂದ ಇಡು. ಇಟ್ಟು ಮರೆತುಬಿಡು," ಎಂದಳು. ಕಾಲೆತ್ತಿ ಆಡಿಸುವುದರ ಬಗ್ಗೆ ಇವಳು ಕೇಳಿದಾಗ ಆಕೆ, "ಅದಾ? ಸೋತೆ, ಇನ್ನು ಹೊಡೀಬೇಡ ಅಂತ," ಎಂದು ಬೇರೆ ಗಿರಾಕಿಯ ಕಡೆ ತಿರುಗಿದಳು.

ಅಂದಿನಿಂದ ಕೆಲಸ ಮುಗಿಸಿ ಬಂದ ಕೂಡಲೇ ಪೆಟ್ಟಿಗೆಯ ಬದಿಯ ಬಾಗಿಲು ಸರಿಸಿ, ಅಂಗೈ ಮೇಲಾಗಿ ಕೈಯನ್ನು ಮರಳಿನ ಮೇಲಿಟ್ಟು ಕೂರುತ್ತಿದ್ದಳು. ಮರಿ ದೂರದ ಮೂಲೆಯಿಂದ ಬಾಯಿ ತೆರೆದು ನುಗ್ಗುತ್ತಿತ್ತು. ತಮ್ಮ ತನ್ನ ವೆಲ್ಡಿಂಗ್ ಕೈಗವಸು ತಂದುಕೊಟ್ಟ. ಹಾಕಿಕೊಂಡು ನೋಡಿದಳು. ಅದು ಕೈಗವಸಿನ ಹೆಬ್ಬೆರಳನ್ನು ಹಿಡಿದು ಜಗ್ಗಾಡಿತೇ ಹೊರತು ಪಳಗಲಿಲ್ಲ. ತೆಗೆದಿಟ್ಟಳು. ಗಾಜಿನಲ್ಲಿ ತನ್ನದೇ ನೆರಳು ಕಂಡು ಅದು ತಲೆ ಕುಣಿಸುತ್ತಾ ಗುದ್ದಾಡುವುದನ್ನು ನೋಡಿ ಮೂರು ಬದಿಗೂ ರಟ್ಟು ಅಂಟಿಸಿದಳು. ಕೈಯ ತುಂಬ ಸಣ್ಣ ಸಣ್ಣ ಗೀರುಗಳಾದವು. ಲಾಂಡ್ರಿಯ ಬಿಸಿ ಹಬೆ ತಾಗಿದಾಗ ಒಂದೊಂದೂ ಬೇರೆ ಬೇರೆಯಾಗಿ ಉರಿಯುತ್ತಿತ್ತು.

ಒಂದು ಸಂಜೆ ಗಂಡ ಲಾಂಡ್ರಿಗೆ ಫೋನ್ ಮಾಡಿ ಮಾಲೀಕನ ಹತ್ತಿರ, ಅವಳು ಮನೆಬಿಟ್ಟು ಓಡಿಬಂದವಳು, ಕೈ ಕೊಟ್ಟು ಹೋಗ್ತಾಳೆ, ಹುಷಾರು ಎಂದಿದ್ದ. ಮಾಲೀಕ ಅದನ್ನು ಎಲ್ಲರೆದುರು ಹೇಳಿ ನಕ್ಕ. ಅವಳು ಮನೆಗೆ ಬಂದು, ಕೈಯೂ ತೊಳೆಯದೆ, ಪೆಟ್ಟಿಗೆಯೊಳಗೆ ಸೊಪ್ಪಿನ ಬಟ್ಟಲು ಇಡಲು ಹೋದಳು. ಅವಸರದಲ್ಲಿ ಕೈ ಮೇಲಿನಿಂದ ಹೋಗಿತ್ತು. ಮರಿ ಹಾರಿ, ಹೆಬ್ಬೆರಳ ಬುಡದಲ್ಲಿ ಆಗಷ್ಟೇ ಮಾಯುತ್ತಿದ್ದ ಗಾಯವನ್ನೇ ಕಚ್ಚಿತು.

ಕಟ್ಟೆಯ ಮೇಲೆ ಸೌಟಿತ್ತು. ಅದು ಯಾವಾಗ ಕೈಗೆ ಬಂತೋ ಅವಳಿಗೆ ತಿಳಿಯಲಿಲ್ಲ. ಒಂದು ಏಟಿಗೆ ಮರಿ ಕೈ ಬಿಟ್ಟು ಬಿತ್ತು. ಎರಡನೆಯ ಏಟು ಬೇಕಿರಲಿಲ್ಲ. ಆದರೂ ಹೊಡೆದಳು. ಅದು ಗಾಜಿಗೆ ಬಡಿದು ಮರಳಿನ ಮೇಲೆ ಉರುಳಿತು. ಮತ್ತೆ ಸೌಟು ಎತ್ತಿದಾಗ, ಅದು ಚಪ್ಪಟೆಯಾಗಿ ಕಣ್ಣು ಮುಚ್ಚಿಕೊಂಡು, ಬಲಗಡೆಯ ಮುಂಗಾಲನ್ನು ಎತ್ತಿ ನಿಧಾನವಾಗಿ ಆಡಿಸಿತು.

ಸೌಟು ನೆಲಕ್ಕೆ ಬಿದ್ದ ಸದ್ದಿಗೆ ತಮ್ಮ ಮೇಲೆ ಬಂದ. ಅಕ್ಕ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು.

"ಹೊಡೆದ್ಯಾ?"

"ಹೂಂ."

"ಒಳ್ಳೇದಾಯ್ತು. ಇನ್ಮೇಲೆ ಬುದ್ಧಿ ಬರುತ್ತೆ."

"ಅವರೂ ಹೀಗೇ ಅಂತಿದ್ರು," ಎಂದಳು ಅವಳು. "ಇದೇ ಮಾತು. ಬುದ್ಧಿ ಬರುತ್ತೆ ಅಂತ."

ತಮ್ಮ ಸೌಟನ್ನು ಎತ್ತಿ ತೊಳೆದು ಅದರ ಜಾಗದಲ್ಲಿಟ್ಟು ಕೆಳಗಿಳಿದ.

ಆಮೇಲೆ ಎಷ್ಟೋ ದಿನ ಮರಿ ಅವಳ ಕೈ ಕಂಡರೆ ಕಚ್ಚಲಿಲ್ಲ, ನುಗ್ಗಲಿಲ್ಲ. ಮೂಲೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿತ್ತು. ಅದು ಕಚ್ಚುತ್ತಿದ್ದಾಗಲೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಊಟವನ್ನೂ ಬಿಟ್ಟಿತು. ಅವಳು ಕೈಯಿಟ್ಟು ಕೂರುವುದನ್ನು ಬಿಡಲಿಲ್ಲ. ಕೂತಲ್ಲೇ ಲಾಂಡ್ರಿಯ ಸುದ್ದಿ ಹೇಳುತ್ತಿದ್ದಳು, ಕಲೆ ಹೋಗದ ಕೋಟಿನ ಕತೆ, ಮಾಲೀಕನ ಗೊರಕೆ. "ಯಾರ ಹತ್ರ ಮಾತಾಡ್ತಾಳೋ," ಎಂದು ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಗಂಡನ ಮನೆಯಲ್ಲಿ ನಡೆದದ್ದನ್ನು ಅವಳು ಮರಿಗೆ ಹೇಳಿದ ದಿನವೂ ಅಮ್ಮ ಅಲ್ಲೇ ನಿಂತಿದ್ದಳು. ಅಂದು ಏನೂ ಅನ್ನದೆ ಒಳಗೆ ಹೋದಳು. ಅದಾಗಿ ಸ್ವಲ್ಪ ದಿನಕ್ಕೆ ಮರಿ ಅವಳ ಅಂಗೈ ಮೇಲಿನ ಹುಳುವನ್ನು ನಾಲಿಗೆ ಚಾಚಿ ಎತ್ತಿಕೊಂಡಿತು. ಹಲ್ಲು ಚರ್ಮಕ್ಕೆ ತಾಗಲಿಲ್ಲ.

ಗಂಡ ಬಂದದ್ದು ಲಾಂಡ್ರಿಗೆ ರಜೆಯಿದ್ದ ದಿನ ಮಧ್ಯಾಹ್ನ. ಕೆಳಗೆ ಶೆಡ್ಡಿನಲ್ಲಿ ತಮ್ಮ ಕಬ್ಬಿಣ ಕೊರೆಯುತ್ತಿದ್ದ ಸದ್ದಿಗೆ ಮೆಟ್ಟಿಲ ಸದ್ದು ಕೇಳಿಸಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಣ್ಣಿನ ಚೀಲ.

"ಅತ್ತೆ, ಹೇಗಿದ್ದೀರಿ? ಸೊರಗಿದ್ದೀರಲ್ಲ," ಎಂದು ಒಳಗೆ ಬಂದವನು ಕೂರುವ ಮೊದಲೇ ಅವಳ ಕಡೆ ತಿರುಗಿದ. "ಹೊರಡು. ಪೈಲ್ವಾನನನ್ನೂ ತಗೋ."

"ನಾನು ಬರೋದಿಲ್ಲ," ಎಂದಳು ಅವಳು.

"ಸರಿ, ಬರಬೇಡ. ನನ್ನ ವಸ್ತು ನನಗೆ ಕೊಡು."

ಅವನೇ ಪೆಟ್ಟಿಗೆಯ ಮುಚ್ಚಳ ತೆಗೆದು ಮೇಲಿನಿಂದ ಕೈ ಹಾಕಿದ. ಮರಿಯ ಗಂಟಲು ಕಪ್ಪಾದದ್ದನ್ನು ಅವಳು ನೋಡಿದಳು. ಬೇಡ ಎನ್ನುವಷ್ಟರಲ್ಲಿ ಅದು ಅವನ ಮಣಿಕಟ್ಟನ್ನು ಕಚ್ಚಿತ್ತು. ಅವನು ಕೂಗಿ ಕೈ ಬೀಸಿದ. ಮರಿ ಗೋಡೆಗೆ ಬಡಿದು ಒಲೆಯ ಹಿಂದೆ ಬಿತ್ತು. ಅದೇ ಕೈ ತಿರುಗಿ ಅವಳ ಕೆನ್ನೆಗೆ ಬಂತು. ಅವಳ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಹಣ್ಣುಗಳು ನೆಲದ ತುಂಬ ಉರುಳಿದವು.

ಆಗ ಅಮ್ಮ ಕಿರುಚಿದಳು. ಕೆಳಗೆ ಕೊರೆಯುವ ಸದ್ದು ನಿಂತಿತು.

ತಮ್ಮ ಬಂದಾಗ ಅವನ ಕೈಯಲ್ಲಿ ಗೇಟಿಗೆ ಕತ್ತರಿಸಿದ ಕಬ್ಬಿಣದ ಸರಳಿತ್ತು. ಮೊದಲ ಏಟು ಭಾವನ ತೋಳಿಗೆ ಬಿತ್ತು. ಒಣ ಕೊಂಬೆ ಮುರಿದಂಥ ಸದ್ದು ಎಲ್ಲರಿಗೂ ಕೇಳಿಸಿತು. ಎರಡನೆಯದು ಪಕ್ಕೆಗೆ. ಗಂಡ ಹಿಂದಕ್ಕೆ ಓಡಲು ಹೋಗಿ ಮೆಟ್ಟಿಲಲ್ಲಿ ಉರುಳಿ, ತಿರುವಿನ ಅಗಲ ಜಾಗದಲ್ಲಿ ಬಿದ್ದ. ಬಾಯಲ್ಲಿ ರಕ್ತ. ತಮ್ಮ ಇಳಿದು ಅವನ ಎದೆಯ ಎರಡೂ ಬದಿಗೆ ಕಾಲಿಟ್ಟು ನಿಂತು, ಎರಡು ಕೈಯಲ್ಲಿ ಸರಳನ್ನು ತಲೆಯ ಮೇಲಕ್ಕೆ ಎತ್ತಿದ.

"ಬೇಡ ಕಣೋ, ಬೇಡ," ಎಂದು ಅಮ್ಮ ಮೇಲಿನಿಂದ ಅಳುತ್ತಿದ್ದಳು. ಆ ಮಾತು ಅವನಿಗೆ ಕೇಳಿಸುತ್ತಿರಲಿಲ್ಲ.

ಅವಳು ಗೋಡೆ ಹಿಡಿದು ಇಳಿದಳು. ಸರಳಿಗೆ ಕೈ ಹಾಕಲಿಲ್ಲ, ಅಡ್ಡವೂ ನಿಲ್ಲಲಿಲ್ಲ. ಪಕ್ಕದಿಂದ ಬಂದು ತಮ್ಮನ ಪಕ್ಕೆಯ ಮೇಲೆ ಅಂಗೈ ಇಟ್ಟಳು. ಬೆವರಿಗೆ ಅಂಗಿ ಅಂಟಿಕೊಂಡಿತ್ತು, ಒಳಗೆ ಎದೆ ಕುಲುಮೆಯ ತಿದಿಯಂತೆ ಒತ್ತುತ್ತಿತ್ತು. ಅವಳು ಕೈ ತೆಗೆಯಲಿಲ್ಲ. ಕೆಳಗೆ ಬಿದ್ದವನು ಕಣ್ಣು ಮುಚ್ಚಿಕೊಂಡು, ಮುರಿಯದ ಕೈಯನ್ನು ಮುಖದ ಮುಂದೆ ಎತ್ತಿ ಹಿಡಿದಿದ್ದ. ಅದು ಗಾಳಿಯಲ್ಲಿ ಸಣ್ಣಗೆ ಆಡುತ್ತಿತ್ತು. ಅಕ್ಕ ತಮ್ಮ ಇಬ್ಬರೂ ಅದನ್ನು ನೋಡಿದರು.

ಸರಳು ಇಳಿಯಲು ಬಹಳ ಹೊತ್ತು ಹಿಡಿಯಿತು.

"ಎದ್ದು ಹೋಗಿ," ಎಂದಳು ಅವಳು ಗಂಡನಿಗೆ. "ಆಸ್ಪತ್ರೆಗೆ ಹೋಗಿ, ಪೊಲೀಸರ ಹತ್ರ ಹೋಗಿ, ಎಲ್ಲಿಗಾದರೂ ಹೋಗಿ. ಪೊಲೀಸರ ಹತ್ರ ನಾನೂ ಬರ್ತೀನಿ. ನನ್ನ ಕಿವಿನೂ ತೋರಿಸ್ತೀನಿ."

ಅವನು ತೋಳನ್ನು ಹೊಟ್ಟೆಗೊತ್ತಿಕೊಂಡು, ಒಂದೊಂದೇ ಮೆಟ್ಟಿಲು ಕೂತು ಕೂತು ಇಳಿದು ಹೋದ.

ಮರಿ ಒಲೆಯ ಹಿಂದಿನ ಸಂದಿಯಲ್ಲಿತ್ತು. ಒಂದು ಹಿಂಗಾಲು ತಿರುಚಿಕೊಂಡಿದ್ದರೂ ಉಸಿರಾಡುತ್ತಿತ್ತು. ತಮ್ಮ ನೆಲದ ಮೇಲೆ ಬೋರಲು ಮಲಗಿ ಸಂದಿಯೊಳಗೆ ತೋಳು ಚಾಚಿದ.

"ಹಿಡಿಯೋದಾ?"

"ಹಿಡೀಬೇಡ. ಹಾಗೇ ಇರು."

"ಕಚ್ಚಿದ್ರೆ?"

"ಕಚ್ಚಲಿ."

ಅವನು ಕೆನ್ನೆಯನ್ನು ತಣ್ಣನೆಯ ನೆಲಕ್ಕೊತ್ತಿ ಮಲಗಿದ್ದ. ಸುಟ್ಟ ಕಲೆಗಳಿದ್ದ ಆ ತೋಳು ಇನ್ನೂ ಬಿಸಿಯಾಗಿತ್ತು. ಮರಿ ಆ ಬಿಸಿಯ ಕಡೆಗೆ ಒಂದಿಷ್ಟು ತೆವಳಿತು, ನಿಂತಿತು, ಮತ್ತೆ ತೆವಳಿತು. ಹೊರಗೆ ಮೆಟ್ಟಿಲ ಮೇಲೆ ನೆರೆಯವರ ಗುಜುಗುಜು ಕೇಳಿಸಿತು. ಯಾರೋ ಬಾಗಿಲು ತಟ್ಟಿದರು. ಅಮ್ಮ ಕುರ್ಚಿಯನ್ನು ಸದ್ದಾಗದಂತೆ ಎತ್ತಿ ತಂದು, ಬಾಗಿಲಿಗೆ ಅಡ್ಡ ಇಟ್ಟು, ಅದರ ಮೇಲೆ ಬೆನ್ನೊರಗಿಸಿ ಕೂತಳು.

"ಯಾರೂ ಇಲ್ಲ ಮನೇಲಿ," ಎಂದಳು ಮೆತ್ತಗೆ.

ತಟ್ಟುವುದು ಸ್ವಲ್ಪ ಹೊತ್ತು ನಡೆದು ನಿಂತಿತು. ತಮ್ಮನ ತೋಳು ಜೋಮು ಹಿಡಿದಿತ್ತು. ಅವನು ಅದನ್ನು ಎಳೆದುಕೊಳ್ಳಲಿಲ್ಲ.