ಬೂಷ್ಟು ಬಂದರೆ ಎರೆಹುಳುಗಳದ್ದೇನು ತಪ್ಪು?

ಸಿಟ್ಟು ಬರದೆ ಇನ್ನೇನು ಬರುತ್ತದೆ ಹೇಳಿ? ಆರು ತಿಂಗಳಿಂದ ತರಕಾರಿ ಸಿಪ್ಪೆ, ಚಹಾ ಚರಟ ತಿಂದು ಒಳ್ಳೆಯ ಗೊಬ್ಬರ ಮಾಡಿಕೊಟ್ಟ ಎರೆಹುಳುಗಳನ್ನು ಒಂದೇ ಬೆಳಿಗ್ಗೆಯಲ್ಲಿ ಮನೆಯವರೆಲ್ಲ ಕಳ್ಳರ ಹಾಗೆ ನೋಡತೊಡಗಿದರು.

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹೊಲಿಗೆ ಯಂತ್ರದ ಪಕ್ಕದ ಬಾಲ್ಕನಿಯಲ್ಲಿ ನನ್ನ ಹುಳದ ಡಬ್ಬಿ. ಅಂದು ಅದರ ಮುಚ್ಚಳ ತೆಗೆದ ಅತ್ತೆ ಕಿಟಾರನೆ ಕಿರುಚಿದರು. ಒಳಗೆ ಹತ್ತಿ ಹರಡಿದ ಹಾಗೆ ಬಿಳಿ ಬೂಷ್ಟು, ಅಲ್ಲಲ್ಲಿ ಹಸಿರು.

“ಹುಳ ಸಾಕ್ಬೇಡ ಅಂತ ಆವಾಗ್ಲೇ ಬಡ್ಕೊಂಡೆ! ನನಗೆ ಮೊದಲೇ ಉಬ್ಬಸ. ಫಿನಾಯಿಲ್ ಎಲ್ಲಿ?”

“ಫಿನಾಯಿಲ್ ಹಾಕಿದ್ರೆ ಅವು ಸತ್ತೇ ಹೋಗ್ತವೆ ಅತ್ತೆ!”

“ಹೋಗ್ಲಿ!”

ಬೇಕರಿಯಲ್ಲಿ ಕೆಲಸ ಮಾಡುವ ನನ್ನ ಗಂಡ ತಾಯಿಗೆ ತಾಳ ಹಾಕಿದರು. “ಸರಿಯಾಗಿ ನೋಡ್ಕೊಳ್ಳೋಕೆ ಬರಲ್ಲ ನಿನಗೆ. ಕಸದ ಗಾಡಿಗೆ ಕೊಟ್ಟುಬಿಡೋಣ.” ನನಗೆ ಮೈಯೆಲ್ಲ ಉರಿಯಿತು.

ಗಾಡಿ ಬಂದಾಗ ತಾಯಿ ಮಗ ಡಬ್ಬಿ ಹೊತ್ತು ಕೆಳಗಿಳಿದರು. ನಾನು ಬೈಯುತ್ತಲೇ ಹಿಂದೆ ಹೋದೆ. ಗಾಡಿಯ ಅಕ್ಕ ಒಳಗೆ ಇಣುಕಿದವಳೇ ಸೊಂಟಕ್ಕೆ ಕೈಯಿಟ್ಟಳು.

“ನಾನಿದನ್ನ ತಗೊಳ್ಳಲ್ಲ. ಜೀವ ಇರೋದನ್ನ ಕಸಕ್ಕೆ ಹಾಕ್ತೀರಲ್ಲ, ನಾಚಿಕೆ ಆಗಲ್ವಾ? ನಿಮ್ಮೆಲ್ಲರ ಕಸ ಹೊತ್ತು ನನ್ನ ಬೆನ್ನು ಬಿದ್ದುಹೋಗಿದೆ. ಈ ಹುಳಗಳು ಒಂದಿಷ್ಟು ಹೊರೆ ಇಳಿಸ್ತವೆ, ಅವನ್ನೇ ಬಿಸಾಕ್ತೀರಾ?”

“ಬೂಷ್ಟು ಬಂದಿದೆ ಕಣಮ್ಮಾ! ನನಗೆ ಉಬ್ಬಸ ಬೇರೆ!” ಎಂದರು ಅತ್ತೆ.

“ಸ್ವಲ್ಪ ಬೂಷ್ಟು ಬಂದ್ರೆ ಹುಳಕ್ಕೇನೂ ಆಗಲ್ಲ ಅಜ್ಜಿ. ಇಷ್ಟೊಂದು ಬಂದಿದೆ ಅಂದ್ರೆ ಯಾರೋ ಮಿತಿಮೀರಿ ತಿನ್ನೋಕೆ ಸುರಿದಿದ್ದಾರೆ. ಉಬ್ಬಸ ಅಂದ್ರಲ್ಲ, ನೀವು ದೂರ ನಿಲ್ಲಿ.”

ಅವಳು ಮೂಗಿಗೆ ಬಟ್ಟೆ ಕಟ್ಟಿ, ಕೈಗವಸು ಹಾಕಿ ಕೆದಕಿದಳು. ಒಂದು ಬನ್ನು ಬಂತು. ಇನ್ನೊಂದು ಬಂತು. ಒಟ್ಟು ಏಳು ಬನ್ನು, ಒಂದಕ್ಕೆ ಕ್ರೀಮ್ ಬೇರೆ!

ನನ್ನ ಗಂಡನ ಮುಖ ಹಿಟ್ಟು ಬಳಿದ ಹಾಗೆ ಬೆಳ್ಳಗಾಯಿತು. “ಬೇಕರೀಲಿ ಮಿಕ್ಕಿತ್ತು... ಪಾಪ, ಹಸ್ಕೊಂಡಿರ್ತವೆ ಅಂತ...”

“ನೀವೇ ಸುರಿದು ನನ್ನ ಮೇಲೆ ಗೂಬೆ ಕೂರಿಸ್ತೀರೇನ್ರೀ?”

“ಜಗಳ ಆಮೇಲೆ ಆಡಿ,” ಎಂದಳು ಅಕ್ಕ. “ಈ ಬನ್ನು, ಬೂಷ್ಟು ಹಿಡಿದಿದ್ದು ಎಲ್ಲ ತೆಗೀರಿ. ಮೇಲ್ಗಡೆ ಕೆದಕಿ ಸಡಿಲ ಮಾಡಿ, ಹಳೇ ಪೇಪರ್ ಹರಿದು ಹಾಕಿ. ಮುಚ್ಚಳ ಸ್ವಲ್ಪ ತೆರೆದಿಡಿ, ಗಾಳಿ ಆಡ್ಲಿ. ಹಿಂಡಿದ ಬಟ್ಟೆಯಷ್ಟು ಒದ್ದೆ ಇದ್ರೆ ಸಾಕು. ಒಂದು ವಾರ ಏನೂ ಹಾಕ್ಬೇಡಿ. ಆಮೇಲೂ ಹಾಕಿದ್ದು ಮುಗಿದ ಮೇಲೇ ಮತ್ತೆ ಹಾಕಿ, ಅದೂ ಸಣ್ಣಗೆ ಹೆಚ್ಚಿ, ಪೇಪರ್ ಕೆಳಗೆ ಹೂತು.”

ಅಷ್ಟೂ ಕೆಲಸವನ್ನು ಗಂಡನ ಕೈಯಲ್ಲೇ ಮಾಡಿಸಿದೆ. ಬಿಡುತ್ತೇನೆಯೇ? ಅತ್ತೆಯ ಉಬ್ಬಸ ನೆನೆದು ಡಬ್ಬಿಯನ್ನು ಮೆಟ್ಟಿಲ ಕೆಳಗಿಟ್ಟೆವು. ಎಂಟನೆಯ ದಿನ ಮುಚ್ಚಳ ತೆಗೆದಾಗ ಅತ್ತೆ ದೂರದಿಂದಲೇ ಕೇಳಿದರು, “ಬದುಕಿದಾವಾ?” ತಳ ಸೇರಿದ್ದ ಹುಳುಗಳು ಮೇಲೆ ಬಂದು ಓಡಾಡುತ್ತಿದ್ದವು. ನನಗೆ ಕಣ್ಣು ತುಂಬಿ ಬಂತು.

ಈಗ ಮಗ ಬೇಕರಿಯಿಂದ ಬಂದರೆ ಮೆಟ್ಟಿಲ ಬಳಿಯೇ ತಡೆಯುತ್ತಾರೆ ಅತ್ತೆ. “ಚೀಲ ತೋರ್ಸೋ ಮೊದಲು!”

ನಿಮ್ಮ ಡಬ್ಬಿಯಲ್ಲೂ ಬೂಷ್ಟು ಕಂಡೀತು. ದಯವಿಟ್ಟು ಫಿನಾಯಿಲ್ ಬಾಟಲಿಗೆ ಕೈ ಹಾಕಬೇಡಿ, ಡಬ್ಬಿಯನ್ನು ಬೀದಿಗೆ ಎಸೆಯಬೇಡಿ. ಯಾರು ಏನು ಸುರಿದರೆಂದು ಮೊದಲು ಮನೆಯವರನ್ನು ಕೇಳಿ. ಹುಳುಗಳಿಗೆ ಮಾತು ಬರುತ್ತಿದ್ದರೆ ಅವೇ ಹೇಳುತ್ತಿದ್ದವು.