ಟೈಲರಕ್ಕನ ಕತ್ತರಿ, ಪತ್ರಿಕೆಯ ತೂತು

ಟೈಲರಕ್ಕನ ಕತ್ತರಿ ಬಟ್ಟೆಯನ್ನು ಕತ್ತರಿಸುತ್ತಿರಲಿಲ್ಲ, ಜಗಿಯುತ್ತಿತ್ತು. ಎರಡು ತಿಂಗಳಲ್ಲಿ ಮೂರು ಸಲ ಸಾಣೆ ಹಿಡಿಸಿದ್ದಾಗಿತ್ತು.

"ಇದರಲ್ಲಿ ಯಾರೋ ಕಾಗದ ಕತ್ತರಿಸಿದ್ದಾರೆ," ಎಂದಳು. ಕಾಗದ ತಾಗಿದರೆ ಬಟ್ಟೆಯ ಕತ್ತರಿ ಕೆಟ್ಟಂತೆಯೇ.

ಗುಂಡಿ ಹಾಕುತ್ತಿದ್ದ ಗಂಡ ತಲೆ ಎತ್ತಲಿಲ್ಲ. "ಎದುರಿನ ಗ್ರಂಥಾಲಯದ ಅಟೆಂಡರ್ ದಿನಾ ಬೆಳಿಗ್ಗೆ ಇಸ್ಕೊಂಡು ಹೋಗ್ತಾನೆ. ಎರಡೇ ನಿಮಿಷ ಅಂತಾನೆ. ಇಲ್ಲ ಅನ್ನೋಕಾಗುತ್ತಾ?"

"ನನ್ನ ಕತ್ತರಿ ಏನು ಊರ ಛತ್ರಾನಾ?"

ಒಳಕೋಣೆಯಲ್ಲಿ ಮಗಳು ಮಲಗಿದ್ದಳು. ಕಾಮಾಲೆ. ಮೂರನೇ ವಾರವಾದರೂ ಕಣ್ಣಿನ ಹಳದಿ ಇಳಿದಿರಲಿಲ್ಲ. ಅವಳಿಗೆ ಕೇಳಿಸದಿರಲೆಂದು ಬಾಗಿಲು ಎಳೆದುಕೊಂಡು ಟೈಲರಕ್ಕ ರಸ್ತೆ ದಾಟಿದಳು. ಜಗಳಕ್ಕೆಂದೇ ಹೋದಳು.

ಗ್ರಂಥಾಲಯದ ಮೇಜಿನ ಮೇಲೆ ಅಂದಿನ ಪತ್ರಿಕೆ ಹರಡಿತ್ತು. ಮೂರನೇ ಪುಟದಲ್ಲಿ ಅಂಗೈಯಗಲದ ಚೌಕ ತೂತು. ನಿನ್ನೆಯ ಪತ್ರಿಕೆಯಲ್ಲೂ ಒಂದು. ಅವಳು ಅಂಚನ್ನು ಬೆರಳಿನಿಂದ ಸವರಿದಳು. ಅವಳ ಕತ್ತರಿಯ ಅಲಗು ಒಂದು ಕಡೆ ಮುಕ್ಕಾಗಿತ್ತು. ಏನು ಕತ್ತರಿಸಿದರೂ ಅಲ್ಲೊಂದು ಸಣ್ಣ ಹರಕು ಬೀಳುತ್ತಿತ್ತು. ಇಲ್ಲೂ ಅದೇ ಹರಕು.

"ಇಲ್ಲಿ ಏನಿತ್ತು?"

ಅಟೆಂಡರ್ ಗ್ರಂಥಪಾಲಕಿಯ ಮುಖ ನೋಡಿದ. ಗ್ರಂಥಪಾಲಕಿ ಗೋಡೆ ನೋಡಿದಳು. "ವಾರ್ಡ್ ಮೆಂಬರ್ ಹೇಳಿದ್ದಾರಮ್ಮ. ಕೆಟ್ಟ ಸುದ್ದಿ ಓದಿ ಜನ ಕೆರಳಬಾರದಂತೆ."

ಡ್ಯೂಟಿಗೆ ಮುಂಚೆ ಅಲ್ಲಿ ಪುಸ್ತಕ ಓದಲು ಬರುವ ಬಸ್ ಕಂಡಕ್ಟರಮ್ಮ ಎದ್ದು ಬಂದಳು. "ಅಕ್ಕ, ನಮ್ಮ ಡಿಪೋಗೂ ಇದೇ ಪತ್ರಿಕೆ ಬರುತ್ತೆ, ತೂತಿಲ್ಲದ್ದು. ಎರಡು ತಿಂಗಳ ಹಿಂದೆ ಬಂದಿತ್ತಲ್ಲ, ನಮ್ಮ ಬೀದಿ ಟ್ಯಾಂಕಿನ ನೀರು ಕೆಟ್ಟಿದೆ, ಕುದಿಸದೆ ಕುಡೀಬೇಡಿ ಅಂತ? ಇಲ್ಲೂ ಎಲ್ಲರೂ ಓದಿರ್ತೀರಿ ಅಂದ್ಕೊಂಡಿದ್ದೆ. ಅದನ್ನೂ ಕತ್ತರಿಸಿರಬೇಕು."

ಎರಡು ತಿಂಗಳಿಂದ ಮಗಳ ಬಾಟಲಿಗೆ ದಿನವೂ ನಲ್ಲಿ ನೀರು ತುಂಬಿದ್ದು ಟೈಲರಕ್ಕನ ಕೈಯೇ. ಅವಳ ದನಿಗೆ ಅಟೆಂಡರ್ ಎರಡು ಹೆಜ್ಜೆ ಹಿಂದೆ ಸರಿದ.

"ಮೆಂಬರ್ ಮನೆಗೆ ಕ್ಯಾನ್ ನೀರು, ನಮಗೆ ತೂತು ಪೇಪರ್! ನನ್ನ ಮಗು ಹಳದಿಯಾದರೆ ಪರವಾಗಿಲ್ಲ, ನಾನು ಕೆರಳಬಾರದು, ಅಲ್ವಾ?"

"ಬರೀ ಬೈದು ಹೋದರೆ ನಾಳೆ ಮತ್ತೆ ಕತ್ತರಿಸ್ತಾರೆ," ಎಂದಳು ಕಂಡಕ್ಟರಮ್ಮ. "ಇದು ಸಾರ್ವಜನಿಕ ಗ್ರಂಥಾಲಯ, ಮೆಂಬರ್ ಮನೆ ಪಡಸಾಲೆ ಅಲ್ಲ. ಓದಿ ತಿಳ್ಕೊಳ್ಳೋದು ನಮ್ಮ ಹಕ್ಕು. ತಪ್ಪು ಕಂಡರೆ ತಪ್ಪು ಅನ್ನೋದೂ ಹಕ್ಕು. ದೂರು ಪುಸ್ತಕ ಕೇಳಿ ಅಕ್ಕ. ತಾರೀಕು, ಪುಟ ಬರೆದು, ಲಿಖಿತ ಉತ್ತರ ಬೇಕು ಅಂತ ಹಾಕಿ. ಫೋಟೊನೂ ತೆಗೆದಿಟ್ಕೊಳ್ಳಿ."

ಅಷ್ಟರಲ್ಲಿ ಅವಳ ಕೂಗು ಕೇಳಿ ಗಂಡ ಓಡಿಬಂದ. "ಬಾರೇ ಮನೆಗೆ! ಅಂಗಡಿ ಲೈಸೆನ್ಸ್ ಆ ಮೆಂಬರ್ ಕೈಲಿದೆ. ನಮಗ್ಯಾಕೆ ಊರ ಉಸಾಬರಿ?"

ಅವಳು ಟ್ಯಾಂಕಿನ ಸುದ್ದಿಯನ್ನು ಒಂದೇ ಮಾತಿನಲ್ಲಿ ಹೇಳಿದಳು. ಅವನ ಬೆರಳು ಹಿಡಿದು ತೂತಿನ ಅಂಚಿಗೆ ಇಟ್ಟಳು. ಅವನೂ ಟೈಲರ್. ಆ ಹರಕು ಅವನಿಗೂ ಗೊತ್ತು.

ಅವನು ಆ ಹರಕನ್ನು ಮತ್ತೊಮ್ಮೆ ಸವರಿದ.

"ದಿನಾ ಕೊಟ್ಟವನು ನಾನೇ," ಎಂದ. ಆಮೇಲೆ ಬೆಂಚಿನ ಮೇಲೆ ಕುಳಿತು, "ಬರಿ. ಕೆಳಗೆ ನಾನೂ ರುಜು ಹಾಕ್ತೀನಿ," ಎಂದ.

ಗ್ರಂಥಪಾಲಕಿ ದೂರು ಪುಸ್ತಕ ಕೊಟ್ಟಳು. ಮೂರು ರುಜು ಬಿದ್ದವು. ಆಗ ಗ್ರಂಥಪಾಲಕಿ ಮೇಜಿನ ಇನ್ನೊಂದು ಖಾನೆ ಎಳೆದಳು. ಒಳಗೆ ಕತ್ತರಿಸಿದ ಚೂರುಗಳೆಲ್ಲ ಇದ್ದವು. ಒಂದನ್ನೂ ಎಸೆದಿರಲಿಲ್ಲ, ಪ್ರತಿಯೊಂದರ ಮೇಲೂ ತಾರೀಕು ಬರೆದಿತ್ತು. ಗಂಡ ಅಂಗಿಯ ಕಾಲರಿಗೆ ಚುಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಕಿತ್ತು, ಟ್ಯಾಂಕಿನ ಸುದ್ದಿಯನ್ನು ಸೂಚನಾ ಫಲಕಕ್ಕೆ ಚುಚ್ಚಿದ.

ಮರುದಿನ ಪತ್ರಿಕೆ ಇಡಿಯಾಗಿ ಮೇಜಿನ ಮೇಲಿತ್ತು. ಲಿಖಿತ ಉತ್ತರ ಇನ್ನೂ ಬಂದಿಲ್ಲ. ಟೈಲರಕ್ಕ ದಿನವೂ ಹೋಗಿ ಕೇಳುತ್ತಾಳೆ. ಮನೆಯಲ್ಲಿ ನೀರು ಕುದಿಯುತ್ತದೆ.

ಓದುಗರೇ, ಇಂದೇ ನಿಮ್ಮ ಗ್ರಂಥಾಲಯಕ್ಕೆ ಹೋಗಿ. ಪತ್ರಿಕೆ ಬಿಡಿಸಿ ನೋಡಿ. ತೂತು ಕಂಡರೆ ಏನಿತ್ತೆಂದು ಗಟ್ಟಿಯಾಗಿ ಕೇಳಿ, ದೂರು ಬರೆಯಿರಿ, ಪಕ್ಕದವರಿಂದಲೂ ರುಜು ಹಾಕಿಸಿ. ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಿ, ನಿಮ್ಮ ಮನೆಯ ಕತ್ತರಿ ಯಾರ ಕೈಯಲ್ಲಿದೆ?